ಪಿಂಗ್ ಬರುತ್ತದೆ, ಪುಟ ಬರುವುದಿಲ್ಲ: ಒಂದು ಗ್ರಂಥಾಲಯ ಸರ್ವರಿನ ಪ್ರಕರಣ ಅಧ್ಯಯನ

ಈ ಪ್ರಕರಣದ ಸಂಸ್ಥೆ, ಊರು ಮತ್ತು ವ್ಯಕ್ತಿಗಳ ಗುರುತನ್ನು ಮರೆಮಾಡಿದ್ದೇನೆ. ತಾಂತ್ರಿಕ ವಿವರಗಳನ್ನು ಮಾತ್ರ ನಡೆದ ಹಾಗೆಯೇ ಇಟ್ಟಿದ್ದೇನೆ. ಇಂಥ ತೊಂದರೆ ಎದುರಾದಾಗ ಎಲ್ಲರೂ ಮೊದಲು ತಪ್ಪು ಕಡೆಗೇ ಕೈ ಹಾಕುತ್ತಾರೆ, ನಾವೂ ಹಾಗೆಯೇ ಮಾಡಿದೆವು. ಹನ್ನೊಂದು ದಿನ ಹೋದದ್ದು ಎಲ್ಲಿ ಎಂಬುದನ್ನು ಬಿಡಿಸಿ ಬರೆದರೆ ಮತ್ತೊಬ್ಬರ ಹನ್ನೊಂದು ದಿನ ಉಳಿಯಬಹುದು.

ಹಿನ್ನೆಲೆ

ಮಲೆನಾಡಿನ ಒಂದು ಟ್ರಸ್ಟ್ ನಡೆಸುವ ಪದವಿ ಕಾಲೇಜಿಗೆ ಎರಡು ಆವರಣಗಳಿವೆ. ಹಳೆಯದು ಜಿಲ್ಲಾ ಕೇಂದ್ರದಲ್ಲಿ, ಹೊಸದು ತಾಲೂಕು ಪಟ್ಟಣದಲ್ಲಿ. ಎರಡೂ ಕಡೆಯ ಪುಸ್ತಕಗಳ ಕ್ಯಾಟಲಾಗ್, ಎರವಲು, ವಾಪಸಾತಿ, ದಂಡದ ಲೆಕ್ಕ ಎಲ್ಲವೂ ಕೋಹಾ ತಂತ್ರಾಂಶದಲ್ಲಿ ನಡೆಯುತ್ತವೆ. ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯಕ್ಕಾಗಿ 1999ರಲ್ಲಿ ಬರೆಯಲು ತೊಡಗಿ 2000ದ ಆರಂಭದಲ್ಲಿ ಬಳಕೆಗೆ ಬಂದ ಈ ಮುಕ್ತ ತಂತ್ರಾಂಶ ಇಂದು ನಮ್ಮ ರಾಜ್ಯದ ಅನೇಕ ಕಾಲೇಜುಗಳ ಗ್ರಂಥಾಲಯಗಳಲ್ಲಿದೆ. ಇಲ್ಲಿ ಅದನ್ನು ಬಾಡಿಗೆಗೆ ಪಡೆದ ಒಂದು ವರ್ಚುವಲ್ ಸರ್ವರಿನಲ್ಲಿ, ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಮೇಲೆ, ಪುಟಗಳನ್ನು ಒದಗಿಸುವ ಅಪಾಚೆ ಮತ್ತು ದತ್ತಾಂಶ ಇಡುವ ಮರಿಯಾಡಿಬಿ ಜೊತೆಗೆ ಸ್ಥಾಪಿಸಲಾಗಿತ್ತು. ಪುಟಗಳೆಲ್ಲ ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕದ ಮೂಲಕವೇ ತೆರೆಯುತ್ತಿದ್ದವು.

ಹಳೆಯ ಆವರಣಕ್ಕೆ ಲೀಸ್ಡ್ ಲೈನ್, ಅಂದರೆ ಅದಕ್ಕೆಂದೇ ಮೀಸಲಾದ ಸಂಪರ್ಕ, ಇದೆ. ಹೊಸ ಆವರಣಕ್ಕೆ ಇರುವುದು ಸಾಮಾನ್ಯ ಫೈಬರ್ ಸಂಪರ್ಕ, ಅಂದರೆ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಪಿಪಿಪಿಒಇ ವಿಧಾನದಲ್ಲಿ ಸಂಪರ್ಕ ಪಡೆಯುವ ಬಗೆಯದು. ಮೊದಲ ಎರಡು ವರ್ಷ ಸೇವಾದಾರರು ಕೊಟ್ಟ ರೂಟರೇ ಅಲ್ಲಿ ಕೆಲಸ ಮಾಡುತ್ತಿತ್ತು. ವಿದ್ಯಾರ್ಥಿಗಳ ವೈಫೈ ಮತ್ತು ಕಚೇರಿಯ ಜಾಲವನ್ನು ಬೇರ್ಪಡಿಸಬೇಕೆಂಬ ಬೇಡಿಕೆ ಬಂದಾಗ, ಕಂಪ್ಯೂಟರ್ ವಿಭಾಗದ ಒಬ್ಬ ಉಪನ್ಯಾಸಕರು ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ, ಡೆಬಿಯನ್ ಸ್ಥಾಪಿಸಿ, ಎನ್‌ಎಫ್‌ಟೇಬಲ್ಸ್ ಎಂಬ ಲಿನಕ್ಸ್ ಫೈರ್‌ವಾಲಿನ ನಿಯಮಗಳನ್ನು ಕೈಯಾರೆ ಬರೆದು ಅದನ್ನೇ ರೂಟರ್ ಮಾಡಿದರು. ಸೇವಾದಾರರ ಪೆಟ್ಟಿಗೆಯನ್ನು ಬ್ರಿಡ್ಜ್ ಸ್ಥಿತಿಗೆ, ಅಂದರೆ ರೂಟರಿನ ಕೆಲಸ ಬಿಟ್ಟು ಸಂಪರ್ಕವನ್ನು ದಾಟಿಸುವುದಷ್ಟೇ ಮಾಡುವ ಸ್ಥಿತಿಗೆ, ಹಾಕಿದರು. ಕೆಲಸ ಅಚ್ಚುಕಟ್ಟಾಗಿತ್ತು. ನಿಯಮಗಳ ಕಡತದಲ್ಲಿ ಪ್ರತಿ ಸಾಲಿಗೂ ಕನ್ನಡದಲ್ಲಿ ಟಿಪ್ಪಣಿ ಬರೆದಿಟ್ಟಿದ್ದರು, ಮತ್ತು ಆ ಟಿಪ್ಪಣಿಗಳು ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂದವು.

ಇದಕ್ಕೂ ಐದು ತಿಂಗಳ ಹಿಂದೆ ಸರ್ವರಿನಲ್ಲಿ ಒಂದು ಬದಲಾವಣೆ ಆಗಿತ್ತು. ಅದನ್ನು ಯಾರೂ ಈ ಕಥೆಗೆ ಸೇರಿಸಿ ನೋಡಿರಲಿಲ್ಲವಾದ್ದರಿಂದ ನಾನೂ ಅದು ಬೆಳಕಿಗೆ ಬಂದ ಜಾಗದಲ್ಲೇ ಹೇಳುತ್ತೇನೆ.

ತೊಂದರೆ

ಹೊಸ ರೂಟರ್ ಶನಿವಾರ ಸಂಜೆ ಜಾರಿಗೆ ಬಂತು. ಸೋಮವಾರ ಬೆಳಿಗ್ಗೆ ಹೊಸ ಆವರಣದ ಗ್ರಂಥಾಲಯದಲ್ಲಿ ಕೋಹಾ ತೆರೆಯಲಿಲ್ಲ. ಬ್ರೌಸರಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತಿತ್ತು. ದೋಷದ ಸಂದೇಶವೂ ಇಲ್ಲ, ಪುಟವೂ ಇಲ್ಲ. ಉಳಿದ ಅಂತರಜಾಲವೆಲ್ಲ ಸರಾಗವಾಗಿತ್ತು. ಯೂಟ್ಯೂಬ್ ಓಡುತ್ತಿತ್ತು, ಮೇಲ್ ಬರುತ್ತಿತ್ತು, ವೇಗದ ಪರೀಕ್ಷೆ ಮಾಡಿದರೆ ಹಣ ಕೊಟ್ಟಷ್ಟು ವೇಗ ಪೂರ್ತಿ ಸಿಗುತ್ತಿತ್ತು. ಹಳೆಯ ಆವರಣದಿಂದ ಕೋಹಾಕ್ಕೂ ಏನೂ ಆಗಿರಲಿಲ್ಲ. ಹೊಸ ಆವರಣದಿಂದ ಸರ್ವರಿಗೆ ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಎಂದು ಕೇಳುವ ಚಿಕ್ಕ ಸಂದೇಶ ಕಳುಹಿಸಿದರೆ, ಒಂದು ಉತ್ತರವೂ ತಪ್ಪದೆ ಬರುತ್ತಿತ್ತು.

ಹೀಗಾಗಿ ಪ್ರತಿಯೊಬ್ಬರ ಬಳಿಯೂ ತಮ್ಮ ಭಾಗ ಸರಿಯಿದೆ ಎಂಬುದಕ್ಕೆ ಪುರಾವೆ ಇತ್ತು. ಅಂತರಜಾಲ ಸೇವಾದಾರರು ವೇಗದ ಪರೀಕ್ಷೆ ತೋರಿಸಿ ದೂರನ್ನು ಮುಚ್ಚಿದರು. ಸರ್ವರ್ ನೋಡಿಕೊಳ್ಳುವವರು ಹಳೆಯ ಆವರಣ ತೋರಿಸಿದರು. ರೂಟರ್ ಮಾಡಿದ ಉಪನ್ಯಾಸಕರು ಯೂಟ್ಯೂಬ್ ತೋರಿಸಿದರು. ಮಧ್ಯೆ ಗ್ರಂಥಪಾಲಕಿಯವರು ಎರವಲನ್ನು ಕೈಬರಹದ ರಿಜಿಸ್ಟರಿನಲ್ಲಿ ಬರೆದುಕೊಂಡು, ರಾತ್ರಿ ಮನೆಯಿಂದ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಕೋಹಾಕ್ಕೆ ತುಂಬುತ್ತಿದ್ದರು.

ಮಾಡಿ ನೋಡಿದ್ದು

ಮೊದಲ ವಾರ ನಾನು ಈ ಕೆಲಸದಲ್ಲಿರಲಿಲ್ಲ. ಆ ವಾರದಲ್ಲಿ ಆದದ್ದು ಇಷ್ಟು: ಅಪಾಚೆ ಮತ್ತು ತಾತ್ಕಾಲಿಕ ನೆನಪಿನ ಸೇವೆಯಾದ ಮೆಮ್‌ಕ್ಯಾಶ್‌ಡಿ ಹಲವು ಸಲ ಮರುಚಾಲನೆಗೊಂಡವು, ಸರ್ವರಿನ ಮೆಮೊರಿಯನ್ನು 2 ಜಿಬಿಯಿಂದ 4 ಜಿಬಿಗೆ ಏರಿಸಲಾಯಿತು, ಚಕ್ರ ನಿಲ್ಲುವುದು ಸುರಕ್ಷಿತ ಸಂಪರ್ಕದ ಹಂತದಲ್ಲೇ ಎಂದು ಕಂಡದ್ದರಿಂದ ಸರ್ವರಿನ ಗುರುತನ್ನು ಖಾತ್ರಿಪಡಿಸುವ ಪ್ರಮಾಣಪತ್ರವನ್ನು ಅವಧಿಗೆ ಮುಂಚೆಯೇ ನವೀಕರಿಸಲಾಯಿತು, ಅನುಮಾನಾಸ್ಪದ ವಿಳಾಸಗಳನ್ನು ತಡೆಯುವ ಫೇಲ್‌ಟುಬ್ಯಾನ್ ಆವರಣದ ವಿಳಾಸವನ್ನು ನಿರ್ಬಂಧಿಸಿದೆಯೇ ಎಂದು ನೋಡಲಾಯಿತು, ನಿರ್ಬಂಧಿಸಿರಲಿಲ್ಲ.

ಅಪಾಚೆಯ ದಾಖಲೆಯಲ್ಲಿ ಹೊಸ ಆವರಣದಿಂದ ಬಂದ ಒಂದು ಕೋರಿಕೆಯೂ ಕಾಣದಿದ್ದುದು ಎಲ್ಲರ ದಾರಿ ತಪ್ಪಿಸಿತು. ಕೋರಿಕೆ ಸರ್ವರಿಗೆ ತಲುಪುತ್ತಲೇ ಇಲ್ಲ, ಆದ್ದರಿಂದ ದೋಷ ಹೊಸ ಆವರಣದ್ದೇ ಎಂದು ಸರ್ವರಿನವರು ತೀರ್ಮಾನಿಸಿದರು. ಆದರೆ ಟಿಎಲ್‌ಎಸ್ ಹಸ್ತಲಾಘವ, ಅಂದರೆ ಸುರಕ್ಷಿತ ಸಂಪರ್ಕ ಏರ್ಪಡಿಸುವ ಆರಂಭದ ಮಾತುಕತೆ, ಮುಗಿಯದೆ ಕೋರಿಕೆಯೇ ಹೊರಡುವುದಿಲ್ಲ, ಆದ್ದರಿಂದ ಪ್ರವೇಶದ ದಾಖಲೆಯಲ್ಲಿ ಸಾಲು ಮೂಡುವುದಿಲ್ಲ. ದಾಖಲೆಯಲ್ಲಿ ಏನೂ ಇಲ್ಲ ಎಂಬುದರಿಂದ ಏನೂ ತಲುಪಲಿಲ್ಲ ಎಂದು ಹೇಳಲು ಬರುವುದಿಲ್ಲ.

ಎಂಟನೆಯ ದಿನ ನನ್ನನ್ನು ಕರೆದರು. ನಾನೂ ಅರ್ಧ ದಿನ, ತಾಣದ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕಡೆ ಕಳೆದೆ. ಹೆಸರಿಗೆ ಸಿಗುತ್ತಿದ್ದ ವಿಳಾಸ ಎರಡೂ ಆವರಣಗಳಲ್ಲಿ ಒಂದೇ ಎಂದು ಎರಡು ನಿಮಿಷದಲ್ಲಿ ಗೊತ್ತಾದ ಮೇಲೆ ಅದನ್ನು ಬಿಡಬೇಕಿತ್ತು. ಆ ಮೇಲೆ ಹೊಸ ಆವರಣದಿಂದ ದೂರದಿಂದ ಆದೇಶ ಕೊಡಲು ಬಳಸುವ ಎಸ್‌ಎಸ್‌ಎಚ್ ಮೂಲಕ ಸರ್ವರಿಗೆ ಲಾಗಿನ್ ಆದೆ. ಲಾಗಿನ್ ಸಲೀಸಾಗಿ ಆಯಿತು. ಚಿಕ್ಕ ಆದೇಶಗಳಿಗೆಲ್ಲ ಉತ್ತರ ಬಂತು. ಲಿನಕ್ಸಿನ ತಿರುಳಾದ ಕರ್ನಲ್‌ನ ಸಂದೇಶಗಳನ್ನೆಲ್ಲ ಒಟ್ಟಿಗೆ ತೋರಿಸುವ ಡಿಮೆಸೆಜ್ ಆದೇಶ ಕೊಟ್ಟ ಕೂಡಲೇ ತೆರೆ ಹೆಪ್ಪುಗಟ್ಟಿತು, ಮತ್ತೆ ಚಲಿಸಲಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಆಯಿತು. ಚಿಕ್ಕದು ದಾಟುತ್ತದೆ, ದೊಡ್ಡದು ದಾಟುವುದಿಲ್ಲ ಎಂಬ ಅನುಮಾನ ಹುಟ್ಟಿದ್ದು ಆಗ. ಇದು ಅಪಾಚೆಗೂ ಕೋಹಾಕ್ಕೂ ಪ್ರಮಾಣಪತ್ರಕ್ಕೂ ಸಂಬಂಧಿಸಿದ್ದಲ್ಲ ಎಂಬುದಂತೂ ಖಚಿತವಾಯಿತು. ಎಸ್‌ಎಸ್‌ಎಚ್‌ಗೂ ಅವಕ್ಕೂ ಸಮಾನವಾಗಿದ್ದದ್ದು ದಾರಿ ಒಂದೇ. ಅಂದಿನಿಂದ ಸರ್ವರಿನ ಯಾವ ಸೇವೆಯನ್ನೂ ಯಾರೂ ಮುಟ್ಟಬಾರದು, ಪ್ಯಾಕೆಟ್, ಅಂದರೆ ಜಾಲದಲ್ಲಿ ಸಾಗುವ ದತ್ತಾಂಶದ ತುಂಡು, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಾತ್ರ ನೋಡೋಣ ಎಂದು ನಿರ್ಧರಿಸಿದೆವು. ಈ ಪ್ರಕರಣದ ಮೊದಲ ತಿರುವು ಆ ನಿರ್ಧಾರ.

ಎರಡನೆಯ ತಿರುವನ್ನು ಕೊಟ್ಟವರು ಗ್ರಂಥಪಾಲಕಿ. ನಾನು ಎಂಟು ಕಂಪ್ಯೂಟರುಗಳನ್ನು ಒಂದೊಂದಾಗಿ ನೋಡಬೇಕೆಂದು ಕೂತಾಗ ಅವರು ತಮ್ಮ ನೋಟ್‌ಬುಕ್ ತಂದರು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಯಂತ್ರದಲ್ಲಿ ಪ್ರಯತ್ನಿಸಿದೆ, ಏನಾಯಿತು ಎಂದು ಅದರಲ್ಲಿ ಬರೆದಿತ್ತು. "ಸರ್, ಆ ಮೂಲೆಯ ಕಂಪ್ಯೂಟರಿನಲ್ಲಿ ಮಾತ್ರ ಬರ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ," ಎಂದರು. ಹೋಗಿ ನೋಡಿದರೆ ನಿಜ: ಅದೇ ಸ್ವಿಚ್ಚು, ಅದೇ ಉಬುಂಟು, ಅದೇ ಬ್ರೌಸರ್, ಆದರೂ ಕೋಹಾ ಕ್ಷಣದಲ್ಲಿ ತೆರೆಯಿತು. ಅದರ ಜಾಲದ ವಿವರವನ್ನು ಪಕ್ಕದ ಯಂತ್ರದ ಜೊತೆ ಸಾಲು ಸಾಲಾಗಿ ಹೋಲಿಸಿದಾಗ ಒಂದೇ ಒಂದು ವ್ಯತ್ಯಾಸ ಸಿಕ್ಕಿತು. ಉಳಿದೆಲ್ಲ ಯಂತ್ರಗಳ ಎಂಟಿಯು, ಅಂದರೆ ಒಂದೇ ಏಟಿಗೆ ಕಳುಹಿಸಬಹುದಾದ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 1500 ಬೈಟ್ ಇತ್ತು. ಮೂಲೆಯ ಯಂತ್ರದಲ್ಲಿ 1400 ಇತ್ತು. ಹಿಂದೊಮ್ಮೆ ಯಾವುದೋ ವಿಪಿಎನ್ ಸಲುವಾಗಿ ಪ್ರಯೋಗಾಲಯದವರು ಬದಲಿಸಿ ಹಾಗೆಯೇ ಬಿಟ್ಟಿದ್ದರು.

ಪ್ಯಾಕೆಟ್ ನೋಡಿದ್ದು

ಸರ್ವರಿನಲ್ಲಿ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಹಚ್ಚಿ, ಎಚ್‌ಟಿಟಿಪಿಎಸ್ ಬಳಸುವ 443ನೆಯ ಪೋರ್ಟಿಗೆ ಹೊಸ ಆವರಣದ ವಿಳಾಸದಿಂದ ಬರುವುದನ್ನೂ ಅಲ್ಲಿಗೆ ಹೋಗುವುದನ್ನೂ ಹಿಡಿದೆವು. ಅದೇ ಹೊತ್ತಿಗೆ ಗ್ರಂಥಾಲಯದ ಯಂತ್ರದಲ್ಲೂ ಹಿಡಿದೆವು. ಮೊದಲ ನೋಟದಲ್ಲೇ ಗೊಂದಲವಾಯಿತು, ಏಕೆಂದರೆ ಸರ್ವರ್ 2896 ಬೈಟ್‌ಗಳ ತುಂಡನ್ನು ಒಮ್ಮೆಗೇ ಕಳುಹಿಸುತ್ತಿರುವಂತೆ ತೋರಿತು. ಜೊತೆಗಿದ್ದ ಉಪನ್ಯಾಸಕರು ಇದೇ ದೋಷ ಎಂದುಕೊಂಡರು. ಅದು ದೋಷವಲ್ಲ. ದೊಡ್ಡ ತುಂಡನ್ನು ಕತ್ತರಿಸುವ ಕೆಲಸವನ್ನು ಕರ್ನಲ್ ನೆಟ್‌ವರ್ಕ್ ಕಾರ್ಡಿಗೆ ಒಪ್ಪಿಸುತ್ತದೆ, ಟಿಸಿಪಿಡಂಪ್ ನೋಡುವುದು ಕತ್ತರಿಸುವ ಮೊದಲಿನ ರೂಪವನ್ನು. ಈಥ್‌ಟೂಲ್ ಆದೇಶ ಬಳಸಿ ಆ ಸೌಲಭ್ಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿದ ಮೇಲೆ ತಂತಿಯ ಮೇಲೆ ನಿಜವಾಗಿ ಏನು ಹೋಗುತ್ತಿದೆ ಎಂಬುದು ಕಂಡಿತು.

ಸಂಪರ್ಕ ಏರ್ಪಡುವ ಮೂರು ಪ್ಯಾಕೆಟ್‌ಗಳು ಸರಿಯಾಗಿ ಹೋಗಿ ಬಂದವು. ಗ್ರಾಹಕ ಯಂತ್ರದ ಮೊದಲ ಟಿಎಲ್‌ಎಸ್ ಸಂದೇಶ ಸರ್ವರಿಗೆ ತಲುಪಿತು. ಹಾಗಾಗಿ ಏನೂ ತಲುಪುತ್ತಿಲ್ಲ ಎಂಬ ವಾದ ಅಲ್ಲಿಗೇ ಬಿತ್ತು. ಸರ್ವರ್ ತನ್ನ ಪ್ರಮಾಣಪತ್ರವೂ ಸೇರಿದ ಉತ್ತರವನ್ನು ಮೂರು ತುಂಡುಗಳಲ್ಲಿ ಕಳುಹಿಸಿತು: 1448 ಬೈಟ್, ಮತ್ತೆ 1448 ಬೈಟ್, ಕೊನೆಗೆ ಕೆಲವು ನೂರು ಬೈಟ್‌ಗಳ ಬಾಲ. ಗ್ರಂಥಾಲಯದ ಯಂತ್ರ ಬಾಲ ಮಾತ್ರ ಬಂತೆಂದು ಸ್ವೀಕೃತಿ ಕೊಟ್ಟಿತು. ಮೊದಲ ಎರಡು ತುಂಡು ಬಂದಿಲ್ಲ, ಕೊನೆಯದು ಕೈಯಲ್ಲಿದೆ ಎಂದು ಅದರ ಆಯ್ದ ಸ್ವೀಕೃತಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸರ್ವರ್ ಮೊದಲ 1448 ಬೈಟ್‌ಗಳನ್ನು ಮತ್ತೆ ಕಳುಹಿಸಿತು, ಮತ್ತೆ ಕಳುಹಿಸಿತು. ಪ್ರತಿ ಸಲವೂ ಮಧ್ಯದ ಬಿಡುವು ಇಮ್ಮಡಿಯಾಗುತ್ತ ಹೋಯಿತು. ಬ್ರೌಸರಿನಲ್ಲಿ ತಿರುಗುತ್ತಿದ್ದ ಚಕ್ರದ ಹಿಂದೆ ನಡೆಯುತ್ತಿದ್ದುದು ಇಷ್ಟೇ.

ಲೆಕ್ಕ ಇಲ್ಲಿಂದ ಮುಂದೆ ನೇರ. ಈಥರ್ನೆಟ್ ಚೌಕಟ್ಟಿನಲ್ಲಿ ಐಪಿ ಪ್ಯಾಕೆಟ್ಟಿಗೆ 1500 ಬೈಟ್ ಜಾಗವಿದೆ. ಅಂತರಜಾಲದ ತಾಂತ್ರಿಕ ವಿಧಾನಗಳನ್ನು ದಾಖಲಿಸುವ ಆರ್‌ಎಫ್‌ಸಿ ಸರಣಿಯ, 1999ರ ಆರ್‌ಎಫ್‌ಸಿ 2516ರಲ್ಲಿ ವಿವರಿಸಿರುವ ಪಿಪಿಪಿಒಇ ಅದರಲ್ಲಿ 8 ಬೈಟ್ ತೆಗೆದುಕೊಳ್ಳುತ್ತದೆ: 6 ತನ್ನ ತಲೆಬರಹಕ್ಕೆ, 2 ಪಿಪಿಪಿಗೆ. ಉಳಿಯುವುದು 1492. ಗ್ರಂಥಾಲಯದ ಯಂತ್ರಕ್ಕೆ ಇದು ಗೊತ್ತಿಲ್ಲ. ಅದರ ತಂತಿ ರೂಟರಿನವರೆಗೆ ಮಾತ್ರ, ಅಲ್ಲಿಯವರೆಗೆ 1500 ಸರಿಯೇ. ಆದ್ದರಿಂದ ಅದು ಸಂಪರ್ಕ ಕೋರುವಾಗ ಒಂದು ತುಂಡಿನಲ್ಲಿ 1460 ಬೈಟ್‌ವರೆಗೆ (1500ರಲ್ಲಿ ಐಪಿ ಮತ್ತು ಟಿಸಿಪಿ ತಲೆಬರಹಗಳ 40 ಕಳೆದು) ಕಳುಹಿಸಬಹುದೆಂದು ಎಂಎಸ್ಎಸ್ ಎಂಬ ಅಂಕಿಯ ಮೂಲಕ ಹೇಳುತ್ತದೆ. ಟಿಸಿಪಿಯ ಸಮಯದ ಗುರುತಿಗೆ ಇನ್ನೂ 12 ಹೋಗುವುದರಿಂದ ಮೇಲೆ ಕಂಡದ್ದು 1448. ಸರ್ವರ್ ಅದನ್ನು ನಂಬಿ 1500 ಬೈಟ್‌ಗಳ ಪೂರ್ಣ ಪ್ಯಾಕೆಟ್ ಮಾಡಿ, ಮಧ್ಯದಲ್ಲಿ ಯಾರೂ ಒಡೆಯಬಾರದೆಂಬ ಗುರುತು ಹಾಕಿ ಕಳುಹಿಸುತ್ತದೆ. ಸೇವಾದಾರರ ಕಡೆಯ ಯಂತ್ರದಲ್ಲಿ ಅದು ಹಿಡಿಸುವುದಿಲ್ಲ. ಮೂಲೆಯ ಕಂಪ್ಯೂಟರ್ ಕೇಳುತ್ತಿದ್ದುದು 1360 ಮಾತ್ರ. ಆದ್ದರಿಂದ ಅದಕ್ಕೆ ಬರುವ ಪ್ಯಾಕೆಟ್‌ಗಳೆಲ್ಲ ದಾಟುತ್ತಿದ್ದವು.

ಹೀಗೆ ಹಿಡಿಸದ ಪ್ಯಾಕೆಟ್ ಬಂದಾಗ ಏನು ಮಾಡಬೇಕೆಂಬುದು 1990ರ ಆರ್‌ಎಫ್‌ಸಿ 1191ರಲ್ಲೇ ಇದೆ. ಪ್ಯಾಕೆಟ್ ಕೈಬಿಟ್ಟ ರೂಟರ್, ನನ್ನಲ್ಲಿ ಇಷ್ಟೇ ಹಿಡಿಸುತ್ತದೆ ಎಂದು ಕಳುಹಿಸಿದವರಿಗೆ ಐಸಿಎಂಪಿ ಸಂದೇಶ (ಜಾಲದ ದೋಷ, ಸ್ಥಿತಿ ತಿಳಿಸುವ ಬಗೆಯದು; ಪಿಂಗ್ ಕೂಡ ಇದರಲ್ಲೊಂದು) ಕೊಡಬೇಕು, ಕಳುಹಿಸಿದವರು ಗಾತ್ರ ತಗ್ಗಿಸಿಕೊಳ್ಳಬೇಕು. ನಮ್ಮ ಸರ್ವರ್ ಏಕೆ ತಗ್ಗಿಸಿಕೊಳ್ಳಲಿಲ್ಲ? ನಾವು ಹಿಡಿದ ಪ್ಯಾಕೆಟ್‌ಗಳಲ್ಲಿ ಅಂಥ ಸಂದೇಶ ಒಂದೂ ಇರಲಿಲ್ಲ. ಸೇವಾದಾರರು ಅದನ್ನು ಕಳುಹಿಸುತ್ತಲೇ ಇಲ್ಲ ಎಂದು ನಾನು ದೂರು ಬರೆಯಲು ತೊಡಗಿದ್ದೆ. ಅಷ್ಟರಲ್ಲಿ ನಮ್ಮ ಜರಡಿಯ ತಪ್ಪು ಹೊಳೆಯಿತು. ನಾವು ನೋಡುತ್ತಿದ್ದುದು 443ನೆಯ ಪೋರ್ಟನ್ನು, ಅದೂ ಆವರಣದ ವಿಳಾಸವಿದ್ದ ಪ್ಯಾಕೆಟ್‌ಗಳನ್ನು ಮಾತ್ರ. ಐಸಿಎಂಪಿಗೆ ಪೋರ್ಟ್ ಇಲ್ಲ, ಮತ್ತು ಆ ಸಂದೇಶ ಹೊರಡುವುದು ನಡುವಿನ ರೂಟರಿನ ವಿಳಾಸದಿಂದ. ನಾವೇ ಹಾಕಿಕೊಂಡ ಜರಡಿ ಸಾಕ್ಷಿಯನ್ನು ಹೊರಗಿಟ್ಟಿತ್ತು. ಜರಡಿ ಬದಲಿಸಿ ಐಸಿಎಂಪಿ ಮಾತ್ರ ನೋಡಿದಾಗ ಸಂದೇಶಗಳು ಒಂದರ ಹಿಂದೆ ಒಂದು ಬರುತ್ತಿದ್ದವು: ತಲುಪಿಸಲಾಗದು, ಒಡೆಯಬೇಕಾಗಿದೆ, ಎಂಟಿಯು 1492.

ಅಂದರೆ ಸರ್ವರಿನ ಬಾಗಿಲಿಗೆ ಸುದ್ದಿ ಬರುತ್ತಿತ್ತು, ಸರ್ವರ್ ಕೇಳಿಸಿಕೊಳ್ಳುತ್ತಿರಲಿಲ್ಲ. ಟಿಸಿಪಿಡಂಪ್ ಒಳಬರುವ ಪ್ಯಾಕೆಟ್ಟನ್ನು ಫೈರ್‌ವಾಲಿಗಿಂತ ಮೊದಲೇ ನೋಡುವುದರಿಂದ ಎರಡೂ ಒಟ್ಟಿಗೆ ನಿಜವಾಗಬಲ್ಲವು. ಸರ್ವರಿನ ಫೈರ್‌ವಾಲಾದ ಐಪಿಟೇಬಲ್ಸ್‌ನ ನಿಯಮಗಳನ್ನು, ಪ್ರತಿ ನಿಯಮಕ್ಕೆ ಸಿಕ್ಕ ಪ್ಯಾಕೆಟ್‌ಗಳ ಎಣಿಕೆಯ ಸಮೇತ ತೆಗೆದು ನೋಡಿದಾಗ, ಒಳಬರುವ ಪ್ಯಾಕೆಟ್‌ಗಳ ಇನ್‌ಪುಟ್ ಸರಣಿಯ ಮೊಟ್ಟಮೊದಲ ಸಾಲೇ ಹೀಗಿತ್ತು: ಪಿಂಗ್ ಕೋರಿಕೆಯನ್ನು ಬಿಟ್ಟು ಉಳಿದೆಲ್ಲ ಐಸಿಎಂಪಿಯನ್ನು ಕೈಬಿಡು. ಗ್ರಂಥಾಲಯದಲ್ಲಿ ಪುಟ ತೆರೆಯಲು ಯತ್ನಿಸಿದಾಗಲೆಲ್ಲ ಆ ಸಾಲಿನ ಎಣಿಕೆ ಏರುತ್ತಿತ್ತು.

ಐದು ತಿಂಗಳ ಹಿಂದಿನ ಸಾಲು

ಟ್ರಸ್ಟು ಸರ್ವರಿನ ಭದ್ರತಾ ತಪಾಸಣೆ ಮಾಡಿಸಿತ್ತು. ವರದಿಯಲ್ಲಿ ಐಸಿಎಂಪಿ ಕುರಿತು ಇದ್ದದ್ದು ಒಂದೇ ಅಂಶ: ಸರ್ವರ್ ಕಾಲಮುದ್ರೆಯ, ಅಂದರೆ ನಿನ್ನ ಗಡಿಯಾರದಲ್ಲಿ ಸಮಯವೆಷ್ಟು ಎಂಬ, ಕೋರಿಕೆಗೆ ಉತ್ತರಿಸುತ್ತದೆ. ಭದ್ರತಾ ದೋಷಗಳ ಸಿವಿಇ ಪಟ್ಟಿಯಲ್ಲಿ ಸಿವಿಇ-1999-0524 ಎಂಬ ಹಳೆಯ, ಕಡಿಮೆ ತೀವ್ರತೆಯ ಅಂಶವಿದು. ತಪಾಸಣೆಯ ಸಲಕರಣೆಗಳು ಇದನ್ನು ಇಂದಿಗೂ ತಪ್ಪದೆ ಪಟ್ಟಿ ಮಾಡುತ್ತವೆ. ಅದಕ್ಕೆ 13 ಮತ್ತು 14ನೆಯ ಬಗೆಯ ಐಸಿಎಂಪಿ ತಡೆದರೆ ಸಾಕಿತ್ತು. ನಿರ್ವಾಹಕರು ಮೇಲ್ವಿಚಾರಣೆಗೆ ಬೇಕಾದ ಪಿಂಗ್ ಮಾತ್ರ ಉಳಿಸಿ ಎಲ್ಲವನ್ನೂ ತಡೆದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ತಪಾಸಣೆಯ ಷರಾ ತೀರಿಸಲು ಅವರಿಗಿದ್ದದ್ದು ಎರಡು ದಿನ.

ಅದರಲ್ಲೂ ನಿಯಮ ಸೇರಿಸಿದ ಜಾಗ ನಿರ್ಣಾಯಕವಾಗಿತ್ತು. ಆ ಸರಣಿಯಲ್ಲಿ ಈಗಾಗಲೇ ನಡೆಯುತ್ತಿರುವ ಸಂಪರ್ಕಗಳನ್ನೂ ಅವಕ್ಕೆ ಸಂಬಂಧಿಸಿದ ಪ್ಯಾಕೆಟ್‌ಗಳನ್ನೂ ಒಳಬಿಡುವ ನಿಯಮ ಮೊದಲಿಂದ ಇತ್ತು. ಚಾಲ್ತಿಯಲ್ಲಿರುವ ಟಿಸಿಪಿ ಸಂಪರ್ಕದ ಕುರಿತ ಐಸಿಎಂಪಿ ದೋಷ ಸಂದೇಶವನ್ನು ಲಿನಕ್ಸ್ ಕರ್ನಲ್ ಸಂಬಂಧಿಸಿದ್ದು ಎಂದೇ ಗುರುತಿಸುತ್ತದೆ. ಹೊಸ ನಿಯಮವನ್ನು ಅಪೆಂಡ್ ಮಾಡಿ ಕೊನೆಗೆ ಸೇರಿಸಿದ್ದರೆ 1492ರ ಸುದ್ದಿ ಮೇಲಿನ ನಿಯಮದಲ್ಲೇ ಒಳಗೆ ಬಂದುಬಿಡುತ್ತಿತ್ತು. ಅವರು ಇನ್ಸರ್ಟ್ ಮಾಡಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದರು.

ಹಾಗಿದ್ದರೆ ಐದು ತಿಂಗಳು ತೊಂದರೆ ಕಾಣದೇ ಇದ್ದದ್ದು ಹೇಗೆ? ಸೇವಾದಾರರ ಹಳೆಯ ರೂಟರ್ ತನ್ನ ಮೂಲಕ ಹೋಗುವ ಪ್ರತಿ ಸಂಪರ್ಕ ಕೋರಿಕೆಯಲ್ಲೂ 1460 ಎಂಬುದನ್ನು 1452 ಎಂದು ತಿದ್ದಿ ಕಳುಹಿಸುತ್ತಿತ್ತು. ಪಿಪಿಪಿಒಇ ಇರುವಲ್ಲಿ ಸಾಮಾನ್ಯವಾಗಿ ಎಲ್ಲ ರೂಟರುಗಳೂ ಈ ಕೆಲಸ ಮಾಡುತ್ತವೆ. ರೂಟರುಗಳಿಗಾಗಿ ಇರುವ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಹೊರಜಾಲದ ವಲಯಕ್ಕೆ ಇದು ಮೊದಲಿಂದಲೇ ಚಾಲೂ ಇರುತ್ತದೆ. ಕೈಯಾರೆ ಬರೆದ ನಿಯಮಗಳ ಕಡತದಲ್ಲಿ ಅದನ್ನು ನಾವೇ ಬರೆಯಬೇಕು. ಉಪನ್ಯಾಸಕರು ಹಳೆಯ ರೂಟರ್ ಮಾಡುತ್ತಿದ್ದ ಕೆಲಸಗಳನ್ನೆಲ್ಲ ಪಟ್ಟಿ ಮಾಡಿಕೊಂಡೇ ಹೊಸದನ್ನು ಕಟ್ಟಿದ್ದರು. ಈ ಒಂದು ಕೆಲಸ ಹಳೆಯ ಪೆಟ್ಟಿಗೆಯ ಯಾವ ಪುಟದಲ್ಲೂ ಕಾಣುತ್ತಿರಲಿಲ್ಲ, ಹಾಗಾಗಿ ಅವರ ಪಟ್ಟಿಗೂ ಬರಲಿಲ್ಲ.

ಎರಡು ಬದಲಾವಣೆಗಳಲ್ಲಿ ಯಾವುದೇ ಒಂದು ಆಗದಿದ್ದರೂ ಪುಟ ತೆರೆಯುತ್ತಿತ್ತು. ಕೊನೆಯದಾಗಿ ಏನು ಬದಲಾಯಿತು ಎಂದು ಕೇಳುವುದು ಒಳ್ಳೆಯ ಅಭ್ಯಾಸವೇ, ಆದರೆ ಇಲ್ಲಿ ಆ ಪ್ರಶ್ನೆ ಶನಿವಾರದ ರೂಟರಿಗೆ ಬಂದು ನಿಂತುಬಿಡುತ್ತಿತ್ತು. ಯೂಟ್ಯೂಬ್ ಮತ್ತಿತರ ದೊಡ್ಡ ತಾಣಗಳು ಸರಾಗವಾಗಿದ್ದುದಕ್ಕೆ ಕಾರಣವೂ ಇಷ್ಟರಲ್ಲೇ ಇದೆ: ಅವು ಐಸಿಎಂಪಿ ಸುದ್ದಿಯನ್ನು ಕೇಳಿಸಿಕೊಳ್ಳುತ್ತವೆ, ಇಲ್ಲವೇ ಟಿಸಿಪಿ ಬದಲು ಯುಡಿಪಿ ಮೇಲೆ ನಡೆಯುವ ಕ್ವಿಕ್ ವಿಧಾನದಲ್ಲಿ ಚಿಕ್ಕ ಪ್ಯಾಕೆಟ್‌ಗಳಿಂದಲೇ ಮಾತು ಆರಂಭಿಸುತ್ತವೆ. ವಿಚಾರಿಸಿದಾಗ ಆ ಹನ್ನೊಂದು ದಿನಗಳಲ್ಲಿ ವಿದ್ಯಾರ್ಥಿವೇತನದ ಒಂದು ಜಾಲತಾಣವೂ ಆವರಣದಿಂದ ತೆರೆದಿರಲಿಲ್ಲ ಎಂದು ಗೊತ್ತಾಯಿತು. ಆ ತಾಣ ಹೇಗೂ ಆಗಾಗ ನಿಲ್ಲುತ್ತದೆಂದುಕೊಂಡು ಯಾರೂ ದೂರು ಹೇಳಿರಲಿಲ್ಲ.

ಪರಿಹಾರದ ಕ್ರಮ

ಕಾರಣ ತಿಳಿದ ಮೇಲೆ ಎರಡೂ ಕಡೆ ಒಟ್ಟಿಗೆ ಸರಿಪಡಿಸಿ ಮುಗಿಸುವ ಆಸೆ ಸಹಜ. ಹಾಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂಬುದು ಮತ್ತೆ ಊಹೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಗ್ರಂಥಾಲಯ ಮುಚ್ಚಿದ ಮೇಲೆ, ಸಂಜೆ, ಒಂದೊಂದಾಗಿ ಮಾಡಿದೆವು. ಮೊದಲು ಸರ್ವರಿನ ನಿಯಮವನ್ನು ಹಾಗೆಯೇ ಇಟ್ಟು, ರೂಟರಿನ ಫಾರ್ವರ್ಡ್ ಸರಣಿಯಲ್ಲಿ ಎಂಎಸ್ಎಸ್ ಅನ್ನು ದಾರಿಯ ಎಂಟಿಯುಗೆ ತಕ್ಕಂತೆ ತಗ್ಗಿಸುವ ಒಂದು ಸಾಲು ಸೇರಿಸಿದೆವು. ಎಂಟೂ ಯಂತ್ರಗಳಲ್ಲಿ ಕೋಹಾ ತೆರೆಯಿತು. ಆ ಸಾಲನ್ನು ತೆಗೆದಾಗ ಮತ್ತೆ ನಿಂತಿತು. ಆ ಬಳಿಕ ಸರ್ವರಿನ ನಿಯಮ ತಿದ್ದಿದೆವು: ತಲುಪಿಸಲಾಗದು, ಅವಧಿ ಮೀರಿತು, ತಲೆಬರಹದಲ್ಲಿ ದೋಷ ಎಂಬ ಮೂರು ಬಗೆಗಳಿಗೆ ಪ್ರವೇಶ, ಪಿಂಗ್‌ಗೆ ಮಿತಿಯೊಡನೆ ಪ್ರವೇಶ, ಕಾಲಮುದ್ರೆಗೂ ಮಾರ್ಗ ಬದಲಿಸುವ ಸಂದೇಶಕ್ಕೂ ತಡೆ. ಮತ್ತೆ ಎಂಟರಲ್ಲೂ ತೆರೆಯಿತು. ಆವರಣದ ವಿಳಾಸಕ್ಕೆ ಹೋಗುವ ದಾರಿ ಯಾವುದೆಂದು ಸರ್ವರನ್ನೇ ಕೇಳಿದಾಗ, ಎಂಟಿಯು 1492 ಎಂದೂ ಅದನ್ನು ಇನ್ನು 598 ಸೆಕೆಂಡ್ ನೆನಪಿಡುತ್ತೇನೆಂದೂ ತೋರಿಸಿತು. ಲಿನಕ್ಸ್ ಈ ಸುದ್ದಿಯನ್ನು ನೆನಪಿಡುವ ಪೂರ್ವನಿಗದಿತ ಅವಧಿ 600 ಸೆಕೆಂಡ್. ಸುದ್ದಿ ಒಳಗೆ ಬಂದು ಎರಡು ಸೆಕೆಂಡ್ ಆಗಿತ್ತು. ಆ ಸಾಲನ್ನು ನೋಡಿದಾಗ ಆದ ನೆಮ್ಮದಿ ಪುಟ ತೆರೆದಾಗಲೂ ಆಗಿರಲಿಲ್ಲ.

ಕೊನೆಗೆ ಎರಡನ್ನೂ ಉಳಿಸಿದೆವು. ರೂಟರಿನ ಸಾಲು ವಿದ್ಯಾರ್ಥಿವೇತನದ ತಾಣದಂಥ, ನಮ್ಮ ಕೈಯಲ್ಲಿಲ್ಲದ ಸರ್ವರುಗಳಿಗೆ ಬೇಕು. ಅದು ಟಿಸಿಪಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಟಿಪ್ಪಣಿಯಲ್ಲಿ ಬರೆದೆವು. ಸರ್ವರಿನ ತಿದ್ದುಪಡಿ ಮುಂದೆ ಬೇರಾವುದೋ ದಾರಿಯಿಂದ ಬರುವ ಓದುಗರಿಗೆ ಬೇಕು. ಮೂರನೆಯದಾಗಿ, ದೊಡ್ಡ ಪ್ಯಾಕೆಟ್‌ಗಳು ಸುದ್ದಿಯಿಲ್ಲದೆ ಮಾಯವಾಗುತ್ತಿವೆ ಎಂದು ಕಂಡಾಗ ಸರ್ವರ್ ತಾನೇ ಚಿಕ್ಕ ಗಾತ್ರಕ್ಕೆ ಇಳಿಯುವ ಸೌಲಭ್ಯವನ್ನೂ ಚಾಲೂ ಮಾಡಿದೆವು. 2007ರ ಆರ್‌ಎಫ್‌ಸಿ 4821ರ ಆಧಾರದ ಈ ಸೌಲಭ್ಯ ಲಿನಕ್ಸ್ ಕರ್ನಲ್‌ನಲ್ಲಿ ಪೂರ್ವನಿಗದಿಯಾಗಿ ಸ್ಥಗಿತವಾಗಿರುತ್ತದೆ. ಇದನ್ನು ಮೊದಲೇ ಹಾಕಿದ್ದರೆ ಪುಟ ಕೆಲವು ಸೆಕೆಂಡ್ ತಡವಾಗಿ ತೆರೆಯುತ್ತಿತ್ತು, ಜಾಲ ಸ್ವಲ್ಪ ನಿಧಾನ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು, ಕಾರಣ ಹೊರಬರುತ್ತಿರಲಿಲ್ಲ. ಆದ್ದರಿಂದ ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ.

ಹೊಸ ಸಂಪರ್ಕ ಬಂದಾಗ ಮೊದಲು ಮಾಡಬೇಕಾದ ಒಂದು ಪರೀಕ್ಷೆಯನ್ನು ಗ್ರಂಥಪಾಲಕಿಯವರ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟೆ. ಒಡೆಯಬಾರದೆಂಬ ಗುರುತು ಹಾಕಿ 1464 ಬೈಟ್ ಹೊರೆಯೊಡನೆ ಸರ್ವರಿಗೆ ಪಿಂಗ್ ಮಾಡಬೇಕು. ಅದಕ್ಕೆ ಐಸಿಎಂಪಿಯ 8, ಐಪಿಯ 20 ಸೇರಿದರೆ 1492 ಆಗುತ್ತದೆ. ಅದು ಹೋಗಬೇಕು. 1465 ಹೋಗಬಾರದು, ಮತ್ತು ಹೋಗದಿರುವುದಕ್ಕೆ ರೂಟರಿನಿಂದ ಕಾರಣ ಬರಬೇಕು. ಕಾರಣವಿಲ್ಲದೆ ಮೌನವಾಗಿದ್ದರೆ ಸುದ್ದಿಯನ್ನು ಎಲ್ಲೋ ತಡೆದಿದ್ದಾರೆ ಎಂದರ್ಥ.

ತಪಾಸಣೆ ಮಾಡಿದವರಿಗೆ ಬದಲಾದ ನಿಯಮಗಳನ್ನು ಕಾರಣದೊಂದಿಗೆ ಕಳುಹಿಸಿದೆವು, ಅವರು ಒಪ್ಪಿದರು. ಆ ಪತ್ರ ಸಿದ್ಧಪಡಿಸುವಾಗ ಸರ್ವರಿನ ನಿರ್ವಾಹಕರು ಮತ್ತೊಂದು ಕಡತ ತೋರಿಸಿದರು. ಮುಂದಿನ ತಿಂಗಳು ಸರ್ವರಿಗೆ ಐಪಿವಿ6, ಅಂದರೆ ಹೊಸ ಪೀಳಿಗೆಯ ಅಂತರಜಾಲ ವಿಳಾಸ, ಕೊಡುವವರಿದ್ದರು. ಅದಕ್ಕೂ ಇದೇ ಐಸಿಎಂಪಿ ನಿಯಮವನ್ನು ಬರೆದು ಸಿದ್ಧವಾಗಿಟ್ಟಿದ್ದರು. ಐಪಿವಿ6ರಲ್ಲಿ ನಡುವಿನ ರೂಟರುಗಳು ಪ್ಯಾಕೆಟ್ಟನ್ನು ಯಾವ ಸಂದರ್ಭದಲ್ಲೂ ಒಡೆಯುವುದಿಲ್ಲ, ಆದ್ದರಿಂದ ಗಾತ್ರ ಮೀರಿತೆಂಬ ಸಂದೇಶ ತಲುಪಲೇಬೇಕು. ಅದಕ್ಕಿಂತ ಮೊದಲು, ಪಕ್ಕದ ಯಂತ್ರದ ವಿಳಾಸ ಹುಡುಕುವ, ಐಪಿವಿ4ರಲ್ಲಿ ಎಆರ್‌ಪಿ ಮಾಡುವ ಕೆಲಸ ಅಲ್ಲಿ ಐಸಿಎಂಪಿವಿ6ರ 135 ಮತ್ತು 136ನೆಯ ಬಗೆಯ ಸಂದೇಶಗಳಿಂದಲೇ ನಡೆಯುತ್ತದೆ. ಆ ಸಾಲು ಜಾರಿಯಾಗಿದ್ದರೆ ಸರ್ವರಿಗೆ ಐಪಿವಿ6ರಲ್ಲಿ ತನ್ನ ಪಕ್ಕದ ಗೇಟ್‌ವೇಯ ಜೊತೆಗೂ ಮಾತು ಉಳಿಯುತ್ತಿರಲಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬಹುದು ಎಂದು ಆರ್‌ಎಫ್‌ಸಿ 4890 ಬಗೆಬಗೆಯಾಗಿ ಹೇಳುತ್ತದೆ. ಅದನ್ನು ಎದುರಿಗಿಟ್ಟುಕೊಂಡು ಅಂದೇ ಆ ಕಡತವನ್ನು ಇಬ್ಬರೂ ಕೂತು ಹೊಸದಾಗಿ ಬರೆದೆವು.